ವಾರದ ಸಭೆ ಬೇಕಾ, ತಿಂಗಳಿಗೆ ಎರಡು ಸಾಕಾ?

ಹೊಸ ಕಾರ್ಯದರ್ಶಿ · ಬುಧವಾರ, ರಾತ್ರಿ 10:20

ಮಲೆನಾಡಿನ ಒಂದು ತಾಲ್ಲೂಕು ಊರು ನಮ್ಮದು. ಇಲ್ಲಿನ ರೋಟರಿ ಎಂಬ ಸೇವಾ ಕ್ಲಬ್ಬಿಗೆ ಈ ಜುಲೈ 1ರಿಂದ ನಾನು ಕಾರ್ಯದರ್ಶಿ. ಪ್ರತಿ ಮಂಗಳವಾರ ಸಂಜೆ 7:30ಕ್ಕೆ ಸಭೆ. ನಿನ್ನೆ ಸಭೆ ಮುಗಿಸಿ ಬಂದ ಮೇಲೆ ನಿದ್ದೆ ಬರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಸದಸ್ಯರು 34 ಜನ. ನಿನ್ನೆ ಬಂದವರು 9.

ಮಾತಾಡಲು ಕರೆದಿದ್ದು ಆರೋಗ್ಯ ಇಲಾಖೆಯ ಒಬ್ಬ ಹಿರಿಯ ಕಾರ್ಯಕರ್ತೆಯನ್ನು. ವಿಷಯ ಮಂಗನ ಕಾಯಿಲೆ. ಡಿಸೆಂಬರ್ ಬಂತು ಅಂದರೆ ಇಲ್ಲಿ ಎಲ್ಲರಿಗೂ ಅದರದೇ ಭಯ. ಎಷ್ಟು ಚೆನ್ನಾಗಿ ಹೇಳಿದರು ಗೊತ್ತಾ! 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಲ್ಲಿಂದ ಶುರು ಮಾಡಿದರು. ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋಗುವವರು ಕೈಕಾಲಿಗೆ ಎಣ್ಣೆ ಯಾಕೆ ಹಚ್ಚಿಕೊಳ್ಳಬೇಕು, ಮನೆಗೆ ಬಂದ ತಕ್ಷಣ ಬಿಸಿನೀರಲ್ಲಿ ಮಿಂದು ಬಟ್ಟೆಯನ್ನೂ ಬಿಸಿನೀರಿಗೆ ಯಾಕೆ ಹಾಕಬೇಕು, ಈ ಕಾಯಿಲೆ ಹರಡುವ ಉಣುಗು (ಉಣ್ಣೆ ಹುಳ) ಎಲ್ಲೆಲ್ಲಿ ಕಚ್ಚಿಕೊಂಡಿರುತ್ತದೆ, ಎಲ್ಲ ಬಿಡಿಸಿ ಹೇಳಿದರು. ಎದುರಿಗೆ ಖಾಲಿ ಕುರ್ಚಿಗಳು. ನನಗೆ ಅವರ ಮುಖ ನೋಡೋಕೇ ಆಗಲಿಲ್ಲ.

25 ಜನರಿಗೆ ಊಟ ಹೇಳಿದ್ದೆ. ಅರ್ಧಕ್ಕಿಂತ ಹೆಚ್ಚು ಉಳಿಯಿತು. ರಾತ್ರಿಯೇ ಹಾಸ್ಟೆಲ್ ಮಕ್ಕಳಿಗೆ ಕೊಟ್ಟು ಬಂದೆ.

ಕೊನೆಯಲ್ಲಿ ಒಬ್ಬ ಹಿರಿಯರು ಎದ್ದು, ವಾರ ವಾರ ಸೇರುವುದು ಬೇಡ, ತಿಂಗಳಿಗೆ ಎರಡು ಸಭೆ ಸಾಕು ಎಂದರು. ಇನ್ನೊಬ್ಬರು, ಹಾಗೆ ಮಾಡಿದರೆ ನಾನು ಇರುವುದಿಲ್ಲ ಎಂದರು. ಮಾತು ಜೋರಾಯಿತು. ಅಧ್ಯಕ್ಷರು ಗಂಟೆ ಬಾರಿಸಿ ಸಭೆ ಮುಗಿಸಿದರು. ಮುಂದಿನ ಮಂಗಳವಾರ ತೀರ್ಮಾನ ಆಗಬೇಕು.

ವಾರದ ಸಭೆ ಉಳಿಯಬೇಕು ಅಂತ ನನ್ನ ಮನಸ್ಸಿನಲ್ಲಿದೆ. ಯಾಕೆ ಅಂತ ಕೇಳಿದರೆ ಸರಿಯಾಗಿ ಹೇಳಲು ಬರುತ್ತಿಲ್ಲ. ನಿಮ್ಮ ಊರಿನ ಕ್ಲಬ್ಬುಗಳಲ್ಲಿ ಹೇಗಿದೆ?

ಬೆಣ್ಣೆದೋಸೆ · ಬುಧವಾರ, ರಾತ್ರಿ 10:41

ತಿಂಗಳಿಗೆ ಎರಡು ಸಾಕು. ರೋಟರಿ ನಿಯಮವೇ 2016ರಲ್ಲಿ ಸಡಿಲ ಆಗಿದೆ. ತಿಂಗಳಿಗೆ ಕನಿಷ್ಠ ಎರಡು ಸಲ ಸೇರಿದರೆ ಆಯಿತು. ಜನರಿಗೆ ಕೆಲಸ ಜಾಸ್ತಿ, ಹೊತ್ತು ಕಡಿಮೆ. 9 ಜನ ಬರುವ ನಾಲ್ಕು ಸಭೆಗಿಂತ 25 ಜನ ಬರುವ ಎರಡು ಸಭೆ ಒಳ್ಳೆಯದಲ್ವಾ?

ಹಳೇ ಚಕ್ರ · ಬುಧವಾರ, ರಾತ್ರಿ 11:05

ನಿಯಮ ಸಡಿಲ ಆಗಿದ್ದು ನಿಜ. ಆದರೆ ಎರಡು ಮಾಡಿದ ಕೂಡಲೇ 25 ಜನ ಬರುತ್ತಾರೆ ಅನ್ನುವುದು ನಿಮ್ಮ ಲೆಕ್ಕ. ನಮ್ಮ ಕ್ಲಬ್ಬಿನಲ್ಲಿ ಹಾಗೆ ಮಾಡಿ ನೋಡಿದೆವು. ಮೊದಲ ಎರಡು ತಿಂಗಳು ಜನ ಬಂದರು. ಆಮೇಲೆ ಈ ವಾರ ಸಭೆ ಇದೆಯಾ, ಮುಂದಿನ ವಾರವಾ ಅಂತ ಯಾರಿಗೂ ನೆನಪಿಲ್ಲ. ಒಂದು ತಪ್ಪಿಸಿಕೊಂಡರೆ ಮುಖ ನೋಡಲು ಒಂದು ತಿಂಗಳು.

ನಾನು ಸೇರಿದ್ದು 31 ವರ್ಷದ ಹಿಂದೆ. ಆಗ ಹಾಜರಾತಿ ಅಂದರೆ ಮನೆಯಲ್ಲೂ ಗೊತ್ತಿರುತ್ತಿತ್ತು. ಸತತ ನಾಲ್ಕು ಸಭೆ ತಪ್ಪಿಸಿದರೆ ಸದಸ್ಯತ್ವಕ್ಕೇ ಕುತ್ತು. ನಮ್ಮೂರಲ್ಲಿ ತಪ್ಪಿದರೆ ಬೇರೆ ಊರಿನ ಕ್ಲಬ್ಬಿಗೆ ಹೋಗಿ ಹಾಜರಿ ತುಂಬಿಕೊಳ್ಳಬೇಕಿತ್ತು, ಅದೂ 14 ದಿನ ಹಿಂದೆ ಅಥವಾ ಮುಂದೆ. ಮಗಳ ಬಾಣಂತನಕ್ಕೆ ಅಂತ ಮಂಗಳೂರಿಗೆ ಹೋದಾಗ ಅಲ್ಲಿನ ಸಭೆಗೆ ಹೋಗಿ ಚೀಟಿ ತಂದಿದ್ದೆ. ಅಲ್ಲಿ ಪಕ್ಕದಲ್ಲಿ ಕೂತಿದ್ದ ಒಬ್ಬ ಮೀನಿನ ವ್ಯಾಪಾರಿ ಇವತ್ತಿಗೂ ನನ್ನ ಗೆಳೆಯ.

ಇನ್ನೊಂದು ಮಾತು. ರೋಟರಿ ಅನ್ನುವ ಹೆಸರೇ ಬಂದದ್ದು ಸರದಿಯಿಂದ, ಇಂಗ್ಲಿಷಿನ ರೊಟೇಶನ್‌ನಿಂದ. 1905ರ ಫೆಬ್ರವರಿ 23ರಂದು ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರ ಜೊತೆ ಕೂತರು. ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ದರ್ಜಿ. ಒಂದೊಂದು ಸಲ ಒಬ್ಬೊಬ್ಬರ ಜಾಗದಲ್ಲಿ ಸೇರುವುದು ಅಂತ ಆಯಿತು. ಗುರುತು ಪರಿಚಯ ಇಲ್ಲದ ದೊಡ್ಡ ಊರಲ್ಲಿ ನಾಲ್ಕು ಜನ ಆಗಾಗ ಮುಖ ನೋಡಬೇಕು, ಅಷ್ಟೇ ಆಸೆ. ಸೇವೆ ಆಮೇಲೆ ಬಂತು. ಊರಿಗೆ ಸಾರ್ವಜನಿಕ ಶೌಚಾಲಯ ಬೇಕು ಅಂತ ಅವರು ಕೈಹಾಕಿದ್ದು 1907ರಲ್ಲಿ.

ಗಿರ್ಮಿಟ್ · ಬುಧವಾರ, ರಾತ್ರಿ 11:09

ಊಟಕ್ಕೆ ಏನಿತ್ತು?

ಹೊಸ ಕಾರ್ಯದರ್ಶಿ · ಬುಧವಾರ, ರಾತ್ರಿ 11:15

ಅಕ್ಕಿರೊಟ್ಟಿ, ಎಣ್ಣೆಗಾಯಿ, ಅನ್ನ, ಸೌತೆಕಾಯಿ ಹುಳಿ, ಶಾವಿಗೆ ಪಾಯಸ. ಪಾಯಸ ಹಾಸ್ಟೆಲ್‌ನಲ್ಲಿ ಎರಡು ನಿಮಿಷಕ್ಕೆ ಖಾಲಿ ಆಯಿತು.

ಕೊನೆಕೊಯ್ಲು · ಗುರುವಾರ, ಬೆಳಿಗ್ಗೆ 5:50

ಕಾರ್ಯದರ್ಶಿಯವರೇ, ನಾನೂ ನಿಮ್ಮ ಕಡೆಯವನೇ ಇರಬೇಕು. ಇದು ನವೆಂಬರ್. ಅಡಿಕೆ ಕೊಯ್ಲು ಶುರು. ಹಗಲು ತೋಟದಲ್ಲಿ ಗೊನೆ ಇಳಿಸಬೇಕು, ಸಂಜೆ ಸುಲಿಯುವವರು ಬಂದು ಅಂಗಳದಲ್ಲಿ ಕೂರುತ್ತಾರೆ. ರಾತ್ರಿ ಹತ್ತರ ತನಕ ಸುಲಿತ. ಆಮೇಲೆ ಒಲೆ ಮುಂದೆ ಬೇಯಿಸುವ ಕೆಲಸ. 7:30ಕ್ಕೆ ಪೇಟೆಯಲ್ಲಿ ಸಭೆ ಇಟ್ಟರೆ ತೋಟದವರು ಹೇಗೆ ಬರಬೇಕು? ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ವಾರವೂ ಇದೇ ಕಥೆ.

ಸದಸ್ಯರಲ್ಲಿ ತೋಟದವರು ಎಷ್ಟು ಜನ ನೋಡಿ. ಅವರನ್ನು ಬಿಟ್ಟು ಹಾಜರಾತಿ ಲೆಕ್ಕ ಮಾಡಿ. ಆಮೇಲೆ ಮಾತಾಡಿ.

ಹೊಸ ಕಾರ್ಯದರ್ಶಿ · ಗುರುವಾರ, ಬೆಳಿಗ್ಗೆ 7:30

ಈಗ ಎಣಿಸಿದೆ. 34ರಲ್ಲಿ 13 ಜನ ತೋಟದವರು. ಇದು ನನಗೆ ಹೊಳೆದೇ ಇರಲಿಲ್ಲ. ನಾನು ಬ್ಯಾಂಕ್ ಕೆಲಸದವನು, ಏಳಕ್ಕೆ ಬಿಡುವು ಅಂತ ಎಲ್ಲರಿಗೂ ಬಿಡುವು ಅಂದುಕೊಂಡೆ. ತಪ್ಪು ನನ್ನದು.

ಸಿಂಹದಮನೆ · ಗುರುವಾರ, ಬೆಳಿಗ್ಗೆ 9:12

ನಾನು ಲಯನ್ಸ್‌ನವನು, ರೋಟರಿಯ ಹಾಗೇ ಇನ್ನೊಂದು ಸೇವಾ ಕ್ಲಬ್ಬು. ನಮ್ಮ ಕ್ಲಬ್ಬಿನಲ್ಲಿ ಮೊದಲಿನಿಂದಲೂ ತಿಂಗಳಿಗೆ ಎರಡೇ ಸಭೆ. ಏನೂ ಮುಳುಗಿಲ್ಲ. ನಮ್ಮಲ್ಲಿ ಟೇಲ್ ಟ್ವಿಸ್ಟರ್ ಅಂತ ಒಬ್ಬರು ಇರುತ್ತಾರೆ. ತಡವಾಗಿ ಬಂದರೆ, ಬ್ಯಾಡ್ಜ್ ಮರೆತರೆ ದಂಡ ಹಾಕುವುದು ಅವರ ಕೆಲಸ. 10 ರೂಪಾಯಿ, 20 ರೂಪಾಯಿ. ಎಲ್ಲ ನಗುತ್ತಾ ಕೊಡುತ್ತಾರೆ. ಆ ಡಬ್ಬಿ ದುಡ್ಡಿನಲ್ಲಿ ಹೋದ ವರ್ಷ ಆರು ಮಕ್ಕಳಿಗೆ ಕನ್ನಡಕ ಕೊಡಿಸಿದೆವು. ಸಭೆ ಎಷ್ಟು ಅನ್ನುವುದಕ್ಕಿಂತ ಸಭೆಯಲ್ಲಿ ಜೀವ ಇದೆಯಾ ನೋಡಿ.

ಹಳೇ ಚಕ್ರ · ಗುರುವಾರ, ಬೆಳಿಗ್ಗೆ 9:40

ದಂಡ ನಮ್ಮಲ್ಲೂ ಇದೆ. ಸಭೆಯ ಶಿಸ್ತು ನೋಡಿಕೊಳ್ಳುವವರನ್ನು ದಂಡಪಾಣಿ ಅನ್ನುತ್ತೇವೆ, ಅವರೇ ವಸೂಲಿ ಮಾಡುತ್ತಾರೆ. ಹುಟ್ಟುಹಬ್ಬ, ಮದುವೆ ದಿನ, ಮಗ ಪಾಸಾದ, ಹಸು ಕರು ಹಾಕಿತು, ಎಲ್ಲದಕ್ಕೂ ಖುಷಿಯ ದುಡ್ಡು ಅಂತ ಡಬ್ಬಿಗೆ ಹಾಕುವುದು ಉಂಟು.

ರಕ್ತದ ಗುಂಪು ಓ · ಗುರುವಾರ, ಮಧ್ಯಾಹ್ನ 1:22

ವಾರದ ಸಭೆಯ ಪರವಾಗಿ ಒಂದು ಅನುಭವ ಹೇಳುತ್ತೇನೆ. ನಮ್ಮ ಕ್ಲಬ್ ರಕ್ತದಾನ ಶಿಬಿರ ಮಾಡುತ್ತದೆ. ಹಿಂದೆ ವರ್ಷಕ್ಕೆ ಒಂದೇ ಸಲ, ಜೂನ್ 14ಕ್ಕೆ, ದೊಡ್ಡದಾಗಿ. ಬ್ಯಾನರ್, ಶಾಮಿಯಾನ, ನೂರು ಜನ. ಒಂದು ಮಂಗಳವಾರ ರಕ್ತನಿಧಿಯ ತಂತ್ರಜ್ಞರೊಬ್ಬರು ಸಭೆಗೆ ಬಂದರು. ಊಟ ಮಾಡುತ್ತಾ ಸುಮ್ನೆ ಹೇಳಿದರು: ಒಂದೇ ದಿನ ನೂರು ಚೀಲ ಕೊಟ್ಟರೆ ನಮಗೆ ಕಷ್ಟ, ಸಾಮಾನ್ಯ ಚೀಲದಲ್ಲಿ ರಕ್ತ ಇರುವುದು 35 ದಿನ, ಪ್ಲೇಟ್‌ಲೆಟ್ ಅಂತೂ 5 ದಿನ. ಡೆಂಗ್ಯೂ ಬರುವ ಹೊತ್ತಿಗೆ ಜೂನ್ ರಕ್ತ ಇರುವುದಿಲ್ಲ.

ಅವತ್ತೇ ತೀರ್ಮಾನ ಮಾಡಿದೆವು. ಈಗ ದೊಡ್ಡ ಶಿಬಿರ ಇಲ್ಲ. ಪ್ರತಿ ವಾರದ ಸಭೆಯಲ್ಲಿ ಒಂದು ಪುಸ್ತಕ ತಿರುಗುತ್ತದೆ. ಈ ವಾರ ಯಾರು ಕೊಡಬಹುದು ಅಂತ ಹೆಸರು ಬರೆಯುತ್ತೇವೆ. ಮೂರೋ ನಾಲ್ಕೋ ಜನ. ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳು ಅಂತರ ಅನ್ನುವುದೂ ಆ ಪುಸ್ತಕದಲ್ಲೇ ಗೊತ್ತಾಗುತ್ತದೆ. ವಾರದ ಸಭೆ ಇಲ್ಲದಿದ್ದರೆ ಆ ಪುಸ್ತಕ ತಿರುಗುತ್ತಿರಲಿಲ್ಲ.

ಗಿರ್ಮಿಟ್ · ಗುರುವಾರ, ಮಧ್ಯಾಹ್ನ 1:40

ತೂಕ 50 ಕೆಜಿ ಇದ್ದರೇ ಕೊಡಬಹುದು ಅಲ್ವಾ? ನಾನು 48, ಅದಕ್ಕೇ ಯಾವತ್ತೂ ಹೋಗಿಲ್ಲ.

ರಕ್ತದ ಗುಂಪು ಓ · ಗುರುವಾರ, ಮಧ್ಯಾಹ್ನ 1:52

45 ಕೆಜಿ ಸಾಕು. 350 ಎಂ.ಎಲ್. ತೆಗೆಯುತ್ತಾರೆ. 450 ತೆಗೆಯುವುದು 55ಕ್ಕಿಂತ ಹೆಚ್ಚು ತೂಕದವರಿಂದ. ವಯಸ್ಸು 18ರಿಂದ 65, ಹಿಮೋಗ್ಲೋಬಿನ್ 12.5 ಇರಬೇಕು. ದಯವಿಟ್ಟು ಹೋಗಿ.

ಗಿರ್ಮಿಟ್ · ಗುರುವಾರ, ಮಧ್ಯಾಹ್ನ 1:55

ಹೋಗುತ್ತೇನೆ. ಇಷ್ಟು ವರ್ಷ ತಪ್ಪು ತಿಳಿದಿದ್ದೆ.

ರೋಟರಾಕ್ಟ್ ಹುಡುಗಿ · ಗುರುವಾರ, ಸಂಜೆ 6:30

ವಾಟ್ಸಾಪ್ ಗುಂಪು ಇದೆಯಲ್ಲ? ಹೆಸರು ಬರೆಯಲು, ದಿನ ಗೊತ್ತು ಮಾಡಲು ಸಭೆ ಯಾಕೆ? ನಮ್ಮದು ರೋಟರಾಕ್ಟ್, ರೋಟರಿಯ ಯುವಜನರ ಕ್ಲಬ್ಬು. ನಾವು ಕಾಲೇಜಿನವರು ಫೋನಿನಲ್ಲೇ ಒಂದು ಇಡೀ ಸ್ವಚ್ಛತಾ ಕೆಲಸ ಮಾಡಿ ಮುಗಿಸಿದೆವು.

ಹಳೇ ಚಕ್ರ · ಗುರುವಾರ, ಸಂಜೆ 7:02

ಗುಂಪಿನಲ್ಲಿ ಬೆಳಿಗ್ಗೆ 40 ಶುಭೋದಯ ಬರುತ್ತವೆ ಮಗಳೇ. ಕೆಲಸದ ಮಾತು ಅದರಡಿ ಹೂತು ಹೋಗುತ್ತದೆ.

ರೋಟರಾಕ್ಟ್ ಹುಡುಗಿ · ಗುರುವಾರ, ಸಂಜೆ 7:08

ಅದಕ್ಕೆ ಬೇರೆ ಗುಂಪು ಮಾಡಬಹುದು ಸರ್. ನಿಮಗೆ ನಮ್ಮ ವಯಸ್ಸಿನವರು ಬೇಕು ಅಂದರೆ ನಮ್ಮ ದಾರಿಯನ್ನೂ ಸ್ವಲ್ಪ ಒಪ್ಪಬೇಕು.

ಬಾಯಿಬಿಡದ ಸದಸ್ಯ · ಗುರುವಾರ, ರಾತ್ರಿ 9:45

ಎಲ್ಲ ಓದಿದೆ. ಯಾರೂ ಹೇಳದ ಒಂದು ಮಾತು ಹೇಳಬೇಕು. ಕೋಪ ಮಾಡಿಕೊಳ್ಳಬೇಡಿ.

ನಾನು ಹಾರ್ಡ್‌ವೇರ್ ಅಂಗಡಿ ಇಟ್ಟವನು. ಎಂಟನೇ ಕ್ಲಾಸು. ಬೇರೆ ಜಿಲ್ಲೆಯ ಒಂದು ಕ್ಲಬ್ಬಿನಲ್ಲಿ ನಾಲ್ಕು ವರ್ಷ ಸದಸ್ಯ. ಚಂದಾ ಒಂದು ದಿನ ತಡ ಮಾಡಿದವನಲ್ಲ. ಆದರೆ ಎರಡನೇ ವರ್ಷದಿಂದ ಸಭೆಗೆ ಹೋಗುವುದು ಬಿಟ್ಟೆ. ಕಾರಣ, ಸಭೆ ಪೂರ್ತಿ ಇಂಗ್ಲಿಷಿನಲ್ಲಿ. ಗಂಟೆ ಬಾರಿಸಿದಲ್ಲಿಂದ ವಂದನಾರ್ಪಣೆ ತನಕ. ಅಲ್ಲಿ ಕೂತವರೆಲ್ಲ ಕನ್ನಡದವರೇ. ಹೊರಗೆ ಕಾಫಿ ಕುಡಿಯುವಾಗ ಕನ್ನಡ. ಒಳಗೆ ಬಂದು ಮೈಕ್ ಹಿಡಿದರೆ ಇಂಗ್ಲಿಷ್.

ಒಂದು ಸಲ ಅಂಗನವಾಡಿಗೆ ನೀರಿನ ಟ್ಯಾಂಕ್ ಕೊಡುವ ಮಾತು ಬಂತು. ಯಾವ ಟ್ಯಾಂಕ್, ಎಷ್ಟು ಲೀಟರ್, ಎಲ್ಲಿ ಇಡುವುದು ಅಂತ ಅರ್ಧ ಗಂಟೆ ಮಾತಾಡಿದರು. ಆ ಅಂಗನವಾಡಿಗೆ ನಾನೇ ಪೈಪು ಕೊಟ್ಟವನು. ಅಲ್ಲಿ ಟ್ಯಾಂಕ್ ಇದೆ, ನೀರೂ ಬರುತ್ತದೆ, ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿ ನಲ್ಲಿ ಇಲ್ಲ, ಅಷ್ಟೇ. 600 ರೂಪಾಯಿ ಕೆಲಸ. ಹೇಳಬೇಕು ಅಂತ ಎದ್ದೆ. ಎಲ್ಲರೂ ತಿರುಗಿ ನೋಡಿದರು. ನಾಲಿಗೆ ಒಣಗಿತು. ನೀರು ಕುಡಿಯಲು ಎದ್ದವನ ಹಾಗೆ ಹೊರಗೆ ಹೋದೆ. ಟ್ಯಾಂಕ್ ಕೊಟ್ಟರು. ಇವತ್ತಿಗೂ ಅದು ಅಲ್ಲಿ ಮಗುಚಿ ಹಾಕಿದೆ.

ಅವತ್ತು ಮಾತಾಡದೆ ಬಂದೆನಲ್ಲ, ಅದು ಇನ್ನೂ ನೋಯುತ್ತದೆ. ಹಾಜರಾತಿ ಯಾಕೆ ಕಡಿಮೆ ಅಂತ ಕೇಳುವಾಗ ನನ್ನಂಥವರು ಎಷ್ಟು ಜನ ಇದ್ದಾರೆ ಅಂತಲೂ ಒಮ್ಮೆ ನೋಡಿ.

ಕೊನೆಕೊಯ್ಲು · ಗುರುವಾರ, ರಾತ್ರಿ 10:30

ಅಣ್ಣಾ, ನೂರಕ್ಕೆ ನೂರು. ಇದನ್ನು ಮೊದಲೇ ಯಾರಾದರೂ ಬರೆಯಬೇಕಿತ್ತು.

ಬೆಣ್ಣೆದೋಸೆ · ಗುರುವಾರ, ರಾತ್ರಿ 10:38

ನೋವು ಅರ್ಥ ಆಗುತ್ತದೆ. ಆದರೆ ರೋಟರಿ ಅಂತರರಾಷ್ಟ್ರೀಯ ಸಂಸ್ಥೆ. ಮೇಲಿನವರಿಗೆ ವರದಿ ಹೋಗಬೇಕು. ರೋಟರಿ ಜಿಲ್ಲೆಯ ಮುಖ್ಯಸ್ಥರಾದ ಜಿಲ್ಲಾ ಗವರ್ನರ್ ಭೇಟಿ ಇರುತ್ತದೆ, ನಮ್ಮ ರೋಟರಿ ಜಿಲ್ಲೆಗಳಲ್ಲಿ ಕೆಲವಕ್ಕೆ ಪಕ್ಕದ ರಾಜ್ಯದ ಊರುಗಳೂ ಸೇರುತ್ತವೆ. ಇಂಗ್ಲಿಷ್ ಬಿಟ್ಟರೆ ಹೇಗೆ?

ಹಳೇ ಚಕ್ರ · ಗುರುವಾರ, ರಾತ್ರಿ 10:55

ವರದಿ ಇಂಗ್ಲಿಷಿನಲ್ಲಿ ಹೋಗಲಿ, ಬೇಡ ಅಂದವರು ಯಾರು? ಅದನ್ನು ಬರೆಯುವವರು ಒಬ್ಬರು, ಕಾರ್ಯದರ್ಶಿ. ಮಾತಾಡುವವರು 34 ಜನ. ಒಬ್ಬರ ಅನುಕೂಲಕ್ಕೆ 33 ಜನ ಬಾಯಿ ಕಟ್ಟಿಕೊಳ್ಳಬೇಕಾ? ಗವರ್ನರ್ ಬರುವುದು ವರ್ಷಕ್ಕೆ ಒಂದು ದಿನ.

ನಾನೂ ತಪ್ಪಿತಸ್ಥ. 31 ವರ್ಷದಲ್ಲಿ ಎಷ್ಟೋ ಸಲ ಇಂಗ್ಲಿಷಿನಲ್ಲೇ ಭಾಷಣ ಮಾಡಿದ್ದೇನೆ, ಹಾಗೇ ಮಾಡಬೇಕು ಅಂತ ನಂಬಿದ್ದೆ. 1932ರಲ್ಲಿ ಹರ್ಬರ್ಟ್ ಟೇಲರ್ ಎಂಬ ರೋಟೇರಿಯನ್ ಬರೆದ ನಾಲ್ಕು ಪ್ರಶ್ನೆಗಳನ್ನು ಪ್ರತಿ ವಾರ ಇಂಗ್ಲಿಷಿನಲ್ಲಿ ಒಪ್ಪಿಸುತ್ತೇವೆ. ಇದು ಸತ್ಯವೇ, ಎಲ್ಲರಿಗೂ ನ್ಯಾಯವೇ, ಸ್ನೇಹ ಬೆಳೆಸುತ್ತದೆಯೇ, ಎಲ್ಲರಿಗೂ ಹಿತವೇ. ಕನ್ನಡದಲ್ಲಿ ಹೇಳಿ ನೋಡಿದರೆ ಎರಡನೇ ಪ್ರಶ್ನೆಗೇ ನಾನು ಸೋಲುತ್ತೇನೆ.

ಸೂಜಿಮದ್ದು ಅಕ್ಕ · ಶುಕ್ರವಾರ, ಬೆಳಿಗ್ಗೆ 11:10

ನಾನು ನಿವೃತ್ತ ಎ.ಎನ್.ಎಂ., ಅಂದರೆ ಹಳ್ಳಿಯ ಆರೋಗ್ಯ ಸಹಾಯಕಿ. ಕ್ಲಬ್ಬಿನ ಸದಸ್ಯೆ ಅಲ್ಲ, ಆದರೆ ಪಲ್ಸ್ ಪೋಲಿಯೊ ಶುರುವಾದ 1995ರಿಂದ ಇವರ ಜೊತೆ ಕೆಲಸ ಮಾಡಿದವಳು. ಭಾನುವಾರ ಬೂತ್ ಅಂದರೆ ಹಿಂದಿನ ವಾರದ ಸಭೆಯಲ್ಲೇ ಯಾರ ಜೀಪ್, ಯಾರ ಮನೆಯಿಂದ ತಿಂಡಿ, ಐಸ್ ಎಲ್ಲಿಂದ ಅಂತ ಗೊತ್ತಾಗಿರುತ್ತಿತ್ತು. ಹೊಳೆಯಾಚೆಯ ನಾಲ್ಕು ಮನೆಗೆ ಲಸಿಕೆ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಒಬ್ಬ ಬಟ್ಟೆ ಅಂಗಡಿ ಯಜಮಾನರು ನನ್ನ ಜೊತೆ ನಡೆದು ಬಂದಿದ್ದರು. ಮಗುವಿನ ಕಿರುಬೆರಳಿಗೆ ಶಾಯಿ ಗುರುತು ಹಾಕಿದ್ದು ಅವರೇ. ದೇಶದ ಕೊನೆಯ ಪೋಲಿಯೊ ಮಗು ಹೌರಾದಲ್ಲಿ ಸಿಕ್ಕಿದ್ದು 2011ರ ಜನವರಿ 13ರಂದು. 2014ರ ಮಾರ್ಚ್ 27ರಂದು ಪೋಲಿಯೊ ಇಲ್ಲ ಅಂತ ಘೋಷಣೆ ಆದಾಗ ಅವರು ಇರಲಿಲ್ಲ. ನಾನು ಅವರ ಮನೆಗೆ ಹೋಗಿ ಹೇಳಿ ಬಂದೆ.

ಹೆಮ್ಮೆಯ ರೋಟೇರಿಯನ್ · ಶುಕ್ರವಾರ, ಬೆಳಿಗ್ಗೆ 11:30

ಪೋಲಿಯೊ ಓಡಿಸಿದ್ದೇ ರೋಟರಿ. ಇದನ್ನು ಜನರಿಗೆ ಇನ್ನೂ ಜೋರಾಗಿ ಹೇಳಬೇಕು.

ಸೂಜಿಮದ್ದು ಅಕ್ಕ · ಶುಕ್ರವಾರ, ಬೆಳಿಗ್ಗೆ 11:48

ಹಾಗೆ ಹೇಳಬೇಡಿ. 1985ರಿಂದ ರೋಟರಿ ಹಿಡಿದ ಹಟ ದೊಡ್ಡದು, ದುಡ್ಡೂ ಕೊಟ್ಟಿದೆ, ಜನರನ್ನೂ ಕೊಟ್ಟಿದೆ. ಆದರೆ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ಎಲ್ಲಕ್ಕಿಂತ ಮನೆ ಮನೆ ಸುತ್ತಿದ ಅಂಗನವಾಡಿ ಮತ್ತು ಆಶಾ ಹೆಣ್ಣುಮಕ್ಕಳು, ಎಲ್ಲ ಸೇರಿ ಆದ ಕೆಲಸ ಅದು.

ಹೆಮ್ಮೆಯ ರೋಟೇರಿಯನ್ · ಶುಕ್ರವಾರ, ಮಧ್ಯಾಹ್ನ 12:05

ಸರಿ ಅಕ್ಕ. ಒಪ್ಪಿದೆ.

ಕರಾವಳಿ ಗಾಳಿ · ಶುಕ್ರವಾರ, ಮಧ್ಯಾಹ್ನ 12:40

ಹೆಣ್ಣುಮಕ್ಕಳ ಮಾತು ಬಂತು, ಅದಕ್ಕೇ ಕೇಳುತ್ತೇನೆ. ಕಾರ್ಯದರ್ಶಿಯವರೇ, 34ರಲ್ಲಿ ಮಹಿಳಾ ಸದಸ್ಯರು ಎಷ್ಟು? ರೋಟರಿ 1989ರಲ್ಲೇ ಎಲ್ಲ ಕಡೆ ಮಹಿಳೆಯರಿಗೆ ಬಾಗಿಲು ತೆರೆಯಿತು. ಎಷ್ಟೋ ಊರಲ್ಲಿ ಇನ್ನೂ ಹೆಂಗಸರು ಅಂದರೆ ಇನ್ನರ್ ವೀಲ್ ಇದೆಯಲ್ಲ ಅನ್ನುತ್ತಾರೆ. ಇನ್ನರ್ ವೀಲ್ ಹೆಂಗಸರದೇ ಬೇರೆ ಸಂಸ್ಥೆ, ಅದರ ಕೆಲಸ ಅದಕ್ಕೆ.

ಹೊಸ ಕಾರ್ಯದರ್ಶಿ · ಶುಕ್ರವಾರ, ಮಧ್ಯಾಹ್ನ 1:15

ಇಬ್ಬರು. ಇಬ್ಬರೂ ನಿನ್ನೆ ಮೊನ್ನೆಯಲ್ಲ, ಪ್ರತಿ ವಾರ ಬರುವವರು. ಆ 9ರಲ್ಲಿ ಇಬ್ಬರು ಅವರೇ.

ಸಿಂಹದಮನೆ · ಶುಕ್ರವಾರ, ಸಂಜೆ 4:20

ಸ್ವಲ್ಪ ವಿಷಯ ಬಿಟ್ಟು ಹೋಗುತ್ತಿದ್ದೇನೆ, ಕ್ಷಮಿಸಿ. ನೇತ್ರದಾನದ ಬಗ್ಗೆ ಮುಂದಿನ ಸಭೆಗಳಲ್ಲಿ ಒಮ್ಮೆ ಮಾತಾಡಿಸಿ. 2021ರ ಅಕ್ಟೋಬರ್‌ನಲ್ಲಿ ಪುನೀತ್ ಹೋದಾಗ ಅವರ ಎರಡು ಕಣ್ಣಿನಿಂದ ನಾಲ್ವರಿಗೆ ದೃಷ್ಟಿ ಬಂತು. ಆಗ ನಮ್ಮ ಕ್ಲಬ್ಬಿಗೆ ಫಾರಂ ಕೇಳಿಕೊಂಡು ಜನ ಬಂದರು. ಫಾರಂ ತುಂಬಿದ್ದು ಬೀರುವಿನಲ್ಲಿ ಇರುತ್ತದೆ, ಸಾವಿನ ಮನೆಯಲ್ಲಿ ಯಾರಿಗೂ ನೆನಪಾಗುವುದಿಲ್ಲ. ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ಅಲ್ಲಿ ತನಕ ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿ, ತಲೆಯಡಿ ದಿಂಬು ಕೊಡಬೇಕು. ಇದನ್ನು ಮನೆಯವರಿಗೆ ಹೇಳಿಕೊಡುವುದೇ ನಿಜವಾದ ಕೆಲಸ. ಕನ್ನಡಕ ಹಾಕಿದವರು, ಸಕ್ಕರೆ ಕಾಯಿಲೆಯವರು, ಪೊರೆ ಆಪರೇಷನ್ ಆದವರೂ ಕೊಡಬಹುದು.

ಕರಾವಳಿ ಗಾಳಿ · ಶುಕ್ರವಾರ, ಸಂಜೆ 4:45

ಇಂಥ ಮಾತು ಸಭೆಯಲ್ಲಿ ಬಂದರೆ ನಾನು ಮಳೆಯಲ್ಲೂ ಹೋಗುತ್ತೇನೆ. ನಮ್ಮಲ್ಲಿ ಅರ್ಧ ಹೊತ್ತು ಶಾಲು, ಹಾರ, ಫೋಟೋಗೇ ಹೋಗುತ್ತದೆ. ಅತಿಥಿಗೆ ಸಿಗುವುದು ಹತ್ತು ನಿಮಿಷ.

ಹೆಮ್ಮೆಯ ರೋಟೇರಿಯನ್ · ಶುಕ್ರವಾರ, ಸಂಜೆ 5:10

ಫೋಟೋ ಬೇಡ ಅಂದರೆ ದಾನಿಗಳು ದುಡ್ಡು ಕೊಡುವುದಿಲ್ಲ. ಇದು ನಿಜ ಸಂಗತಿ.

ಕರಾವಳಿ ಗಾಳಿ · ಶುಕ್ರವಾರ, ಸಂಜೆ 5:14

ಫೋಟೋ ತೆಗೆಯಿರಿ. ನೋಟ್‌ಬುಕ್ ಹಿಡಿದ ಮಗುವನ್ನು ಹತ್ತು ಜನ ಸುತ್ತುವರಿದು ನಿಲ್ಲಿಸಬೇಡಿ. ಆ ಮಗು ತಲೆ ತಗ್ಗಿಸಿಕೊಂಡಿರುತ್ತದೆ. ನಾನು ಹೈಸ್ಕೂಲಿನಲ್ಲಿ ಹಾಗೆ ನಿಂತವಳು, ನನಗೆ ಗೊತ್ತು.

ಹೆಮ್ಮೆಯ ರೋಟೇರಿಯನ್ · ಶುಕ್ರವಾರ, ಸಂಜೆ 5:31

ಇದನ್ನು ಯೋಚಿಸಿರಲಿಲ್ಲ. ನಮ್ಮ ಕ್ಲಬ್ಬಿನಲ್ಲಿ ಈ ಮಾತು ಎತ್ತುತ್ತೇನೆ.

ಹೊಸ ಕಾರ್ಯದರ್ಶಿ · ಮುಂದಿನ ಬುಧವಾರ, ಬೆಳಿಗ್ಗೆ 6:40

ನಿನ್ನೆಯ ಸಭೆಯ ಸುದ್ದಿ ಹೇಳುತ್ತೇನೆ. ಭಾನುವಾರ ಮತ್ತು ಸೋಮವಾರ ನಾನು 25 ಜನ ಗೈರುಹಾಜರಾದವರಲ್ಲಿ 19 ಜನರ ಮನೆಗೆ, ಅಂಗಡಿಗೆ ಹೋದೆ. ಯಾಕೆ ಬರುವುದಿಲ್ಲ ಅಂತ ಕೇಳಿದೆ. ವಾರ ವಾರ ಜಾಸ್ತಿ ಆಯಿತು ಅಂದವರು ನಾಲ್ಕೇ ಜನ. ಉಳಿದವರು ಹೇಳಿದ್ದು ಹೊತ್ತಿನ ಬಗ್ಗೆ, ಭಾಷೆಯ ಬಗ್ಗೆ, ಮೊಣಕಾಲು ನೋವಿನ ಬಗ್ಗೆ. ನಮ್ಮ ಸಭಾಂಗಣ ಮಹಡಿ ಮೇಲಿದೆ. ಇಬ್ಬರು, ನಾನು ಹೇಳಿದರೆ ಯಾರು ಕೇಳುತ್ತಾರೆ ಎಂದರು.

ನಿನ್ನೆ 21 ಜನ ಬಂದರು. ನಾನು ವರದಿ ಕನ್ನಡದಲ್ಲಿ ಓದಿದೆ. ಕೈ ನಡುಗುತ್ತಿತ್ತು, ಯಾರಾದರೂ ಎದ್ದು ಬೇಡ ಅನ್ನುತ್ತಾರೆ ಅಂತ. ಯಾರೂ ಅನ್ನಲಿಲ್ಲ. ತಿಂಗಳಿಗೆ ಎರಡು ಸಾಕು ಅಂದಿದ್ದ ಹಿರಿಯರೇ ನಾಲ್ಕು ಪ್ರಶ್ನೆಗಳನ್ನು ಕನ್ನಡದಲ್ಲಿ ಓದಿದರು.

ತೀರ್ಮಾನ ಹೀಗೆ. ಸಭೆ ವಾರ ವಾರವೇ. ಕೊಯ್ಲು ಮುಗಿಯುವ ತನಕ ಎರಡು ಮಂಗಳವಾರ ಪೇಟೆಯಲ್ಲಿ, ಎರಡು ಮಂಗಳವಾರ ತೋಟದವರ ಅಂಗಳದಲ್ಲಿ, ಸುಲಿತ ನಡೆಯುತ್ತಿರುವಾಗಲೇ. ಸುಲಿಯುತ್ತಲೇ ಮಾತಾಡುವುದು. ಪೇಟೆಯ ಸಭೆ ಮಹಡಿಯಿಂದ ಕೆಳಗಿನ ಕೋಣೆಗೆ ಬರುತ್ತದೆ. ಶಾಲು ಹಾರ ನಿಲ್ಲಿಸುವ ಮಾತಿಗೆ ಒಪ್ಪಿಗೆ ಸಿಗಲಿಲ್ಲ. ಅದರ ಜಗಳ ಇನ್ನೂ ಇದೆ.

ಕೊನೆಕೊಯ್ಲು · ಮುಂದಿನ ಬುಧವಾರ, ಬೆಳಿಗ್ಗೆ 6:55

ಅಂಗಳದಲ್ಲಿ ಸಭೆ! ಸುಲಿಯಲು ಬರುವ ಹೆಂಗಸರೂ ಕೇಳಿಸಿಕೊಳ್ಳುತ್ತಾರಲ್ಲ, ದರಗಿಗೆ ಕಾಡಿಗೆ ಹೋಗುವವರು ಅವರೇ. ಆ ಮಂಗನ ಕಾಯಿಲೆ ಅಕ್ಕನನ್ನು ಮೊದಲ ಅಂಗಳದ ಸಭೆಗೇ ಮತ್ತೆ ಕರೆಯಿರಿ.

ಹೊಸ ಕಾರ್ಯದರ್ಶಿ · ಮುಂದಿನ ಬುಧವಾರ, ಬೆಳಿಗ್ಗೆ 7:10

ನಿನ್ನೆ ರಾತ್ರಿಯೇ ಫೋನ್ ಮಾಡಿದೆ. ಬರುತ್ತೇನೆ ಎಂದರು. ಹಚ್ಚಿಕೊಳ್ಳುವ ಎಣ್ಣೆಯ ಬಾಟಲಿಗಳನ್ನೂ ತರುತ್ತಾರಂತೆ.

ಬಾಯಿಬಿಡದ ಸದಸ್ಯ · ಮುಂದಿನ ಬುಧವಾರ, ಬೆಳಿಗ್ಗೆ 8:30

ನಾನು ನಿನ್ನೆ ನಮ್ಮ ಅಂಗನವಾಡಿಗೆ ಹೋಗಿ ಕೆಳಗಡೆ ಎರಡು ನಲ್ಲಿ ಕೂರಿಸಿ ಬಂದೆ. ಈ ಶನಿವಾರ ಕ್ಲಬ್ಬಿನ ಸಭೆ. ಹೋಗುತ್ತಿದ್ದೇನೆ. ಮಗುಚಿ ಬಿದ್ದಿರುವ ಆ ಟ್ಯಾಂಕ್ ಪಕ್ಕದ ಊರಿನ ಶಾಲೆಗೆ ಬೇಕಂತೆ, ಅದನ್ನು ಎದ್ದು ಹೇಳಬೇಕು.